ಗೋಡೆಯಾಚೆಯ ಚಿನ್ನು

ನವೆಂಬರ್ ಎರಡನೇ ತಾರೀಖು ನಮ್ಮೂರಿನ ಕ್ರೈಸ್ತರಿಗೆ ಸತ್ತವರ ಹಬ್ಬ. ಸಮಾಧಿಗಳ ಹುಲ್ಲು ಕಿತ್ತು, ಸುಣ್ಣ ಬಳಿದು, ಚೆಂಡುಹೂ ಇಟ್ಟು ಮೇಣದಬತ್ತಿ ಹಚ್ಚುತ್ತಾರೆ. ಎಲ್ಲರೂ ಸಮಾಧಿಸ್ಥಳದ ಗೇಟಿನಿಂದ ಒಳಗೆ ಹೋದರೆ ನನ್ನ ಪಕ್ಕದ ಮನೆಯ ಸವೇರಮ್ಮ ಮಾತ್ರ ಗೋಡೆ ಬಳಸಿಕೊಂಡು ಹಿಂಬದಿಗೆ ಹೋಗುತ್ತಿದ್ದಳು. ಅಲ್ಲಿ, ಹೊರಗೆ, ಒಂದು ಹೊಂಗೆಮರ. ಅದರ ಬುಡದಲ್ಲಿ ಅವಳ ಚೊಚ್ಚಲ ಮಗಳು ಚಿನ್ನು.

ಆ ಕೂಸು ಹುಟ್ಟಿದ ದಿನವೇ ಹೋಯಿತು. ಗಾವಡಗೆರೆ ಕಡೆಯ ಹಳ್ಳ ತುಂಬಿ ಹರಿಯುತ್ತಿದ್ದರಿಂದ ಪಾದ್ರಿಗಳು ಬರಲಾಗಲಿಲ್ಲ. ಜ್ಞಾನಸ್ನಾನದ ನೀರು ತಲೆಗೆ ಬೀಳಲಿಲ್ಲ. ಮೊದಲ ಮನುಷ್ಯ ಆದಾಮ ಮಾಡಿದ ಪಾಪ ಹುಟ್ಟುವ ಪ್ರತಿ ಕೂಸಿಗೂ ಅಂಟಿ ಬರುತ್ತದಂತೆ, ಆ ನೀರು ಬಿದ್ದರೆ ತೊಳೆದುಹೋಗುತ್ತದಂತೆ. ನೀರು ಬೀಳದ ಮಗು ಪವಿತ್ರ ನೆಲಕ್ಕೆ ಸಲ್ಲದು ಎಂದು, ಪಾದ್ರಿಗಳ ಪರವಾಗಿ ಊರಿನ ಕ್ರೈಸ್ತರನ್ನು ನೋಡಿಕೊಳ್ಳುತ್ತಿದ್ದ ಆಗಿನ ಉಪದೇಶಿ ಹೇಳಿದರು. ಸವೇರಮ್ಮನ ಗಂಡ ಚೌರಪ್ಪ ಮಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೇ ಹೂತು ಬಂದ. ಈಗ ಅವನೂ ಸತ್ತು ಒಳಗಿದ್ದಾನೆ, ಮಗಳು ಹೊರಗಿದ್ದಾಳೆ.

ನಾನು ಸುಂದ್ರಮ್ಮ, ಶಿವನ ಒಕ್ಕಲು. ಅವರ ಧರ್ಮದ ಒಳಗು ನನಗೆ ತಿಳಿಯದು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯುತ್ತಿದ್ದೇನೆ.

ಬೆಟ್ಟಸ್ವಾಮಿಯ ಶೆಡ್ಡಿನಲ್ಲಿ ನಾವಿಬ್ಬರೂ ಹೊಗೆಸೊಪ್ಪು ಆರಿಸುವವರು. ಬ್ಯಾರನ್ನು ಎಂಬ ಒಲೆಮನೆಯ ಶಾಖಕ್ಕೆ ಒಣಗಿದ ಎಲೆಯನ್ನು ಬೆಳಕಿಗೆ ಹಿಡಿದು, ಹಳದಿಯದು, ಚುಕ್ಕೆಯದು, ಕಪ್ಪಾದದ್ದು ಎಂದು ಬೇರೆ ಮಾಡಬೇಕು. ಸವೇರಮ್ಮನ ಕೈ ಆರಿಸುತ್ತಿದ್ದರೆ ಬಾಯಿ ಜಪ ಹೇಳುತ್ತಿರುತ್ತದೆ. ನಡುವೆ ಯಾರಾದರೂ ಎಲೆ ತಪ್ಪಿಟ್ಟರೆ ಅದೇ ಉಸಿರಿನಲ್ಲಿ ಬೈಗುಳ.

“ನಮೋ ಮರಿಯೆ... ಏ ಚೈತ್ರ, ಅದು ಚುಕ್ಕೇದು ಕಣೇ, ಕಣ್ಣ ಮನೇಲಿಟ್ಟು ಬಂದಿದ್ದೀಯಾ?”

ಈ ವರ್ಷದ ಮಳೆಗೆ ಸಮಾಧಿಸ್ಥಳದ ಹಿಂಬದಿ ಗೋಡೆ ಕುಸಿಯಿತು. ಹುಣಸೂರಿನ ಮೇಸ್ತ್ರಿ ನಸೀರ್ ಬಂದು ಇಟ್ಟಿಗೆ ಗೋಡೆ ಕಟ್ಟುವುದೆಂದೂ, ಹೊಂಗೆ ಕಡಿದು ಗೋಡೆಯ ಹೊರಗೆ ಟ್ರ್ಯಾಕ್ಟರ್ ದಾರಿ ಮಾಡುವುದೆಂದೂ ತೀರ್ಮಾನವಾಯಿತು. ಸುದ್ದಿ ಕೇಳಿದ ಸವೇರಮ್ಮ ಸೊಪ್ಪು ಬಿಟ್ಟೆದ್ದು ಪಾದ್ರಿಗಳ ಬಳಿ ಹೋದಳು. ಜೊತೆಗೆ ನಾನು.

“ಗೋಡೆ ಎಂಗೂ ಒಸದು ಕಟ್ತೀರಲ್ಲ ಸ್ವಾಮಿ, ಮರಾನೂ ಸುತ್ತಾಕ್ಕೊಂಡು ಕಟ್ಸಿ. ನನ್ ಚಿನ್ನು ಒಳಕ್ಕೆ ಬರ್ಲಿ.”

ಪಾದ್ರಿಗಳು ಹೊಸಬರು, ಹರೆಯದವರು. “ಇಂಥ ಮಕ್ಕಳನ್ನ ದೇವರ ಕರುಣೆಗೆ ಒಪ್ಪಿಸಿ ಭರವಸೆ ಇಟ್ಟುಕೊಳ್ಳಿ ಅಂತ ಈಗ ನಮ್ಮ ಧರ್ಮಸಭೆ ಹೇಳುತ್ತಮ್ಮ,” ಎಂದರು. ಆಮೇಲೆ ಮೆಲ್ಲಗೆ ಸೇರಿಸಿದರು. “ನಿಜ ಹೇಳಬೇಕಂದ್ರೆ, ಅವತ್ತು ಯಾರು ಬೇಕಾದರೂ ಜ್ಞಾನಸ್ನಾನದ ನೀರು ಹಾಕಬಹುದಿತ್ತು. ಕ್ರೈಸ್ತರೇ ಆಗಬೇಕು ಅಂತೇನಿಲ್ಲ.”

ಸವೇರಮ್ಮ ನನ್ನ ಕಡೆ ತಿರುಗಿದಳು. ಅವಳ ಹೆರಿಗೆಯಲ್ಲಿ ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದವಳು ನಾನೇ.

ಈಗಿನ ಉಪದೇಶಿ ಇನ್ನಾಸಪ್ಪ, ಆಗಿನ ಉಪದೇಶಿಯ ಮಗ, ಪಕ್ಕದಲ್ಲೇ ಇದ್ದ. “ಭರವಸೆ ಬೇರೆ, ಕಟ್ಟಳೆ ಬೇರೆ ಸ್ವಾಮಿ. ನಮ್ಮಪ್ಪ ಹಾಕಿದ ಗೆರೆ ಅದು. ಒಂದ ಬುಟ್ರೆ ನಾಳೆ ಕಂಡೋರೆಲ್ಲ ಕೇಳ್ತಾರೆ,” ಎಂದ. ನೋಡೋಣ ಎಂದರು ಪಾದ್ರಿಗಳು. ನೋಡುವಷ್ಟರಲ್ಲಿ ಇಟ್ಟಿಗೆ ಬಂದು ಬಿತ್ತು.

ಆ ವಾರ ಸವೇರಮ್ಮನ ತಂಗಿಯ ಮಗಳು ವಾಣಿಶ್ರೀ ಮೈಸೂರಿನಿಂದ ಬಂದಳು. ಅವಳು ಮದುವೆಯಾದ ಮೇಲೆ ಬೇರೆ ಕ್ರೈಸ್ತ ಸಭೆ ಸೇರಿದ್ದಳು. ಜನ ಮಾರ್ಮನ್ ಎನ್ನುತ್ತಾರೆ, ಅವಳು ಕಡೆಯ ದಿನಗಳ ಸಂತರು ಎನ್ನುತ್ತಾಳೆ. ಅವರಿಗೆ ಹೊಗೆಸೊಪ್ಪು ಆಗದು, ಕಾಫಿ ಟೀ ಆಗದು. ಶೆಡ್ಡಿನ ಬಾಗಿಲಲ್ಲೇ ನಿಂತಳು.

“ಸೊಪ್ಪೇನ್ ಕಚ್ಚಲ್ಲ, ಬಾ ಒಳೀಕೆ,” ಎಂದಳು ಸವೇರಮ್ಮ.

ವಾಣಿಶ್ರೀ ಬಂದು ದೊಡ್ಡಮ್ಮನ ಕೈ ಹಿಡಿದು ಕೂತಳು. “ಚಿನ್ನುಗೆ ಯಾವ ಪಾಪನೂ ಇರಲಿಲ್ಲ ದೊಡ್ಡಮ್ಮ. ಆದಾಮನ ತಪ್ಪಿಗೆ ಕೂಸಿಗೆ ಯಾಕೆ ಶಿಕ್ಷೆ? ನಮ್ಮಲ್ಲಿ ಎಂಟು ವರ್ಷ ತುಂಬೋವರೆಗೂ ಮಕ್ಕಳಿಗೆ ಸ್ನಾನ ಕೊಡೋದೇ ಇಲ್ಲ. ಸತ್ತ ಕೂಸು ನೇರವಾಗಿ ದೇವರ ಹತ್ತಿರ ಇರುತ್ತೆ.”

ಸವೇರಮ್ಮ ಎಲೆ ಕೆಳಗಿಟ್ಟಳು. ಅಷ್ಟು ವರ್ಷದಲ್ಲಿ ಅವಳಿಗೆ ಆ ಮಾತು ಯಾರೂ ಹೇಳಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, “ಇನ್ನೊಂದು ಸಲ ಏಳವ್ವ,” ಎಂದಳು.

ವಾಣಿಶ್ರೀ ಮತ್ತೆ ಹೇಳಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಆದಾಮ ತಪ್ಪಿ ಬಿದ್ದಿದ್ದು ಹಾಳಾಗೋಕಲ್ಲ, ನಾವು ಹುಟ್ಟಿ ಬೆಳೆಯೋಕೆ. ದೇವರು ಕೆಟ್ಟದ್ದನ್ನ ಮಾಡಲಿಲ್ಲ, ಆರಿಸ್ಕೊಳ್ಳೋ ಹಕ್ಕು ಕೊಟ್ಟ. ಎಲ್ಲಕ್ಕೂ ಒಂದು ಎದುರು ಇರಲೇಬೇಕು. ಕಹಿ ಇಲ್ಲದಿದ್ರೆ ಸಿಹಿ ಗೊತ್ತಾಗಲ್ಲ.”

“ಅಂದ್ರೆ ನನ್ ಮಗ ಸತ್ತಿದ್ದು ಬೇಕಾಗಿತ್ತಾ?” ನಮ್ಮ ಕಡೆ ಹೆಣ್ಣುಮಗುವನ್ನೂ ಮಗ ಎನ್ನುವುದುಂಟು.

“ಹಂಗಲ್ಲ ದೊಡ್ಡಮ್ಮ...”

“ಓದೊರ್ಸ ಬೆಟ್ಟಸ್ವಾಮಿ ಒಲೆ ಮುಂದೆ ನಿದ್ದೆ ಒಡ್ದ. ಬ್ಯಾರನ್ ಸೊಪ್ಪೆಲ್ಲ ಕಪ್ಪಾಯ್ತು. ಅವತ್ತಿಂದ ಅವ ಒಲೆ ಮುಂದೆ ಕಣ್ ಮುಚ್ಚಲ್ಲ, ಬುದ್ಧಿ ಬಂತು. ಅಂಗಂತ ಸೊಪ್ಪು ಸುಡಬೇಕಾಗಿತ್ತು ಅಂತ ಯಾರಾರಾ ಅಂತಾರಾ?”

“ದೇವ್ರ ಮಾತಿಗೆ ನನ್ ನಿದ್ದೆ ಯಾಕಕ್ಕ ತತ್ತೀಯ?” ಎಂದು ಮೂಲೆಯಿಂದ ಬೆಟ್ಟಸ್ವಾಮಿ ಕೂಗಿದ.

“ನೀ ಸುಮ್ಕಿರ್ಲಾ. ನೋಡು ವಾಣಿ, ಕೆಟ್ಟದ್ದು ಬೇಕಾಗಿತ್ತು ಅಂತ ನಾ ಒಪ್ಪಲ್ಲ. ನನ್ ಸ್ವಾಮಿ ಶಿಲುಬೆ ಮೇಲೆ ನೋವಿಗೆ ಕೂಗ್ಕೊಂಡ. ಇದು ಒಳ್ಳೇದಕ್ಕೇ ಬುಡಿ ಅಂತ ನಗ್ಲಿಲ್ಲ.”

“ನಾವೂ ಆ ನೋವನ್ನ ನಂಬ್ತೀವಿ. ಸಾಯೋ ಹಿಂದಿನ ರಾತ್ರಿ ಯೇಸು ತೋಟದಲ್ಲಿ ರಕ್ತ ಬೆವರಿದ ಅಂತೀವಿ. ನೀವೇ ಪ್ರಾರ್ಥನೆ ಮಾಡಿ ದೇವರನ್ನ ಕೇಳಿ. ನಾನು ಹೇಳಿದ್ದು ನಿಜವಾದರೆ ಎದೆ ಬೆಚ್ಚಗಾಗುತ್ತೆ, ಸಮಾಧಾನ ಬರುತ್ತೆ.”

“ಬೆಳಿಗ್ಗೆ ಕಾಫಿ ಕುಡುದ್ರೂ ಎದೆ ಬೆಚ್ಚಗಾಯ್ತದೆ. ನಿಮಗೆ ಅದೂ ಇಲ್ಲ, ಪಾಪ!”

ವಾಣಿಶ್ರೀಗೂ ನಗು ಬಂತು. ಆದರೆ ಹೊರಡುವಾಗ ತಾನು ಬಂದ ಕಾರಣ ಹೇಳಿಯೇಬಿಟ್ಟಳು. ಮೈಸೂರಿಗೆ ಬಂದು ತಮ್ಮ ಸಭೆಯ ಸ್ನಾನ ತೆಗೆದುಕೊಳ್ಳಬೇಕು, ಆಮೇಲೆ, ಇಬ್ಬರು ಸತ್ತಿದ್ದರೂ, ಗಂಡ, ಹೆಂಡತಿ, ಮಗು ಮೂವರನ್ನೂ ತಮ್ಮ ದೇವಾಲಯದಲ್ಲಿ ಎಂದೆಂದಿಗೂ ಒಂದಾಗಿ ಸೇರಿಸಬಹುದು ಎಂದಳು.

ಸವೇರಮ್ಮ ಹಳದಿ ಎಲೆಯೊಂದನ್ನು ಕಪ್ಪಿನ ಗುಡ್ಡೆಗೆ ಇಟ್ಟಳು. ಆ ಆಸೆ ಅವಳನ್ನು ಅಲುಗಿಸಿತೆಂದು ನನಗೆ ಗೊತ್ತಾಯಿತು. ಕೊನೆಗೆ, “ನನಗೆ ಒಂದ್ ಸಲ ನೀರು ಬಿದ್ದದೆ, ಅದು ಸಾಕು. ನನ್ ಜಗಳ ನನ್ ಮನೇಲೇ ಆಡ್ತೀನಿ. ಮನೆ ಬುಟ್ಟೋದ್ರೆ ಜಗಳ ಯಾರತ್ರ ಆಡ್ಲಿ?” ಎಂದಳು.

ಪಾಯ ತೋಡುವ ಬೆಳಿಗ್ಗೆ ನಸೀರ್ ಹಳೆಯ ಗೆರೆಯ ಮೇಲೇ ಗೂಟ ಹೊಡೆದು ದಾರ ಕಟ್ಟಿದ. ಸವೇರಮ್ಮ ಗೂಟ ಕಿತ್ತು ಹೊಂಗೆಯಾಚೆ ನೆಟ್ಟು, ಅದರ ಪಕ್ಕ ಚಾಪೆ ಹಾಸಿ, ಒಂದು ಹೊರೆ ಸೊಪ್ಪು ತಂದು ಆರಿಸುತ್ತಾ ಕೂತುಬಿಟ್ಟಳು.

“ಅಜ್ಜಿ, ಗೂಟ ಅಲ್ಲಲ್ಲ ಇರೋದು,” ಎಂದ ನಸೀರ್.

“ಈಗ ಅಲ್ಲೇ ಕಣಪ್ಪ.”

ಇನ್ನಾಸಪ್ಪ ಓಡಿ ಬಂದ. ಹಿಂದೆಯೇ ಪಾದ್ರಿಗಳು ಬಂದರು. “ಮಾರ್ಮನ್ನರ ಮಾತು ಕೇಳ್ಕೊಂಡು ಕುಣೀತಿದ್ದೀಯಾ? ನಾವು ಪಾಪದಲ್ಲಿ ಹುಟ್ಟಿದೋರು. ಸಮಾಧಾನ ದೇವರ ವರ, ನಾವು ಸಂಪಾದಿಸೋದಲ್ಲ. ಗೊತ್ತಿಲ್ವಾ?” ಎಂದು ಇನ್ನಾಸಪ್ಪ ರೇಗಿದ.

“ಗೊತ್ತು. ವರ ಅಂತ ನೀನೇ ಏಳ್ತೀಯ, ಗೇಟಲ್ಲಿ ನಿಂತ್ಕೊಂಡು ತಡೆಯೋನೂ ನೀನೇ. ಯಾರು ಬೇಕಾದ್ರೂ ನೀರು ಉಯ್ಯಬೋದು ಅಂತ ನಮಗೆ ಏಳ್ಕೊಡಬೇಕಾದೋರು ಯಾರು? ಚೊಂಬು ಈ ಸುಂದ್ರಮ್ಮನ ಕೈಲೇ ಇತ್ತು. ಏಳ್ಕೊಡದೆ ಇದ್ದೋರು ನೀವು, ಒರಗೆ ಬಿದ್ದಿದ್ದು ನನ್ ಕೂಸು.”

“ಇಂಗೇ ಅಟ ಇಡುದ್ರೆ ನೀನೂ ಒರಗೇ ಬೀಳಬೇಕಾಯ್ತದೆ!”

“ಬೀಳ್ತೀನಿ. ಚೌರಪ್ಪಂಗೆ ಜೊತೆಗೆ ಅವ್ರಪ್ಪ ಅಮ್ಮ ಅವ್ರೆ, ಚಿನ್ನುಗೆ ಯಾರವ್ರೆ? ನನ್ನ ಇಲ್ಲೇ ಊಳಿ.” ಆಮೇಲೆ ಪಾದ್ರಿಗಳ ಕಡೆ ತಿರುಗಿದಳು. “ನನಗೆ ನೀರು ಬಿದ್ದದೆ ಸ್ವಾಮಿ. ನನ್ ಗುಂಡಿ ಮಂತ್ರಿಸೋಕೆ ನೀವು ಇಲ್ಲಿಗೇ ಬರಬೇಕು, ತೀರ್ಥ ಚಿಮುಕಿಸಬೇಕು. ನನ್ ಮೇಲೆ ಮಾತ್ರ ಬಿದ್ದು ಅವಳ ಮೇಲೆ ಬೀಳದಂಗೆ ಚಿಮುಕಿಸ್ತೀರಾ?”

ಪಾದ್ರಿಗಳು ಇನ್ನಾಸಪ್ಪನನ್ನು ನೋಡಿದರು, ಹೊಂಗೆಮರ ನೋಡಿದರು. “ಅದಕ್ಕೆ ನೀವು ಸಾಯೋವರೆಗೂ ಯಾಕಮ್ಮ ಕಾಯಬೇಕು?” ಎಂದು ತೀರ್ಥ ತರಲು ತಾವೇ ದೇವಾಲಯದ ಕಡೆ ನಡೆದರು. ನಸೀರ್ ಯಾರನ್ನೂ ಕೇಳದೆ ದಾರ ಬಿಚ್ಚಿ ಹೊಸ ಗೂಟಕ್ಕೆ ಕಟ್ಟಿದ. ಇನ್ನಾಸಪ್ಪ ಅಪ್ಪನ ಗೆರೆಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ.

ಈಗ ಗೋಡೆ ನೆಟ್ಟಗೆ ಬಂದು ಹೊಂಗೆಯ ಹತ್ತಿರ ಹೊಟ್ಟೆ ಬಂದಂತೆ ಉಬ್ಬಿದೆ. ಅವತ್ತು ಮನೆಗೆ ಮರಳುವಾಗ, “ಈಗ ಸಮಾಧಾನವೇನೇ?” ಎಂದು ಸವೇರಮ್ಮನನ್ನು ಕೇಳಿದ್ದೆ.

“ಯಾಕೆ? ಅವಳು ಸತ್ತಿದ್ದು ಒಳ್ಳೇದಾಗೋಯ್ತಾ? ಕೆಟ್ಟದ್ದು ಕೆಟ್ಟದ್ದೇ ಕಣೇ. ಜಗಳ ಆಡಿ ಬಂದೆ, ಒಟ್ಟೆ ಅಸೀತದೆ, ಅಷ್ಟೆ.”

ಹಬ್ಬದ ದಿನ ಮೇಣದಬತ್ತಿ ಹಿಡಿದು ಹೊರಟವಳು ಕಾಲಿನ ರೂಢಿಗೆ ಗೋಡೆ ಬಳಸಿಕೊಂಡು ಹಿಂಬದಿಗೆ ಹೋಗಿಬಿಟ್ಟಳು. ನಾನು ಒಳಗೆ ಹೊಂಗೆಯ ಕೆಳಗೆ ಕಾಯುತ್ತಿದ್ದೆ. ಆಚೆಯಿಂದ ದನಿ ಕೇಳಿಸಿತು.

“ಸುಂದ್ರೀ, ಈ ಆಳಾದ್ ಗೋಡೆ ಅಡ್ಡ ಅದೆ ಕಣೇ!”

“ನೀನೇ ಕಟ್ಸಿದ್ದು. ಗೇಟಿಂದ ಬಾ,” ಎಂದೆ.

ಬೈಯುತ್ತಲೇ ಸುತ್ತಿ ಬಂದಳು.