ಡಾಗ್ನಿ ಮತ್ತು ಖಾಲಿಯಾದ ಕಾಫಿ ಮೇಜು

ಸೂರ್ಯ ಮುಳುಗುವುದರೊಳಗೆ ಕೊನೆಯ ದೃಶ್ಯ ಮುಗಿಯದಿದ್ದರೆ ಡಾಗ್ನಿ ನಿರ್ದೇಶಿಸುತ್ತಿದ್ದ ಸಿನಿಮಾ ಅವಳ ಕೈತಪ್ಪಿ ಹೋಗುತ್ತಿತ್ತು. ಸ್ಟುಡಿಯೋದ ಯಜಮಾನ ಸ್ಕೌ ಇದನ್ನು ಗದರಿಸಿ ಹೇಳಿರಲಿಲ್ಲ. ಪೈಪಿಗೆ ತಂಬಾಕು ತುಂಬುತ್ತಾ, ಮಗಳಿಗೆ ಬುದ್ಧಿ ಹೇಳುವವನ ಹಾಗೆ ಮೆತ್ತಗೆ ಹೇಳಿದ್ದ.

"ಶುಕ್ರವಾರ ನಾನೇ ಬರ್ತೀನಮ್ಮ. ಅವತ್ತು ಹೊತ್ತು ಮುಳುಗೋದ್ರೊಳಗೆ ಮುಗಿಸಿರು. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಉಳಿದದ್ದನ್ನ ಟೋರ್ಬೆನ್ ಮುಗಿಸ್ತಾನೆ. ಪಾಪ, ನೀನಾದ್ರೂ ಮನೆ, ಮಗು ಎಲ್ಲಾ ಕಟ್ಕೊಂಡು ಎಷ್ಟು ಅಂತ ಮಾಡ್ತೀಯ?"

ಸ್ಟುಡಿಯೋದ ಇನ್ನೊಬ್ಬ ನಿರ್ದೇಶಕ ಟೋರ್ಬೆನ್‌ಗೂ ಮನೆಯಿತ್ತು, ಮೂರು ಮಕ್ಕಳಿದ್ದವು. ಅವನನ್ನು ಯಾರೂ ಪಾಪ ಅಂದಿರಲಿಲ್ಲ.

ಆ ಶುಕ್ರವಾರ ಇವತ್ತೇ. ಮಧ್ಯಾಹ್ನ ಕಳೆದು ಹೊತ್ತು ಇಳಿಯುತ್ತಿತ್ತು. ಡಾಗ್ನಿ ತನ್ನ ಹುಟ್ಟೂರಿನ ಸಹಕಾರಿ ಅಂಗಡಿಯಲ್ಲಿ, ಹೆರಿಂಗ್ ಮೀನಿನ ಪೀಪಾಯಿಗೆ ಒರಗಿ ನಿಂತು, ಟೆಲಿಫೋನನ್ನು ಕಿವಿಗೊತ್ತಿಕೊಂಡಿದ್ದಳು. ಆ ಕಡೆ, ಕೋಪನ್‌ಹೇಗನ್ನಿನಲ್ಲಿ, ಅವಳ ಗಂಡ ಪ್ರೆಬೆನ್.

"ಲೋನೆಗೆ ಮೈ ಬಿಸಿ ಇದೆ ಕಣೆ. ಥರ್ಮಾಮೀಟರ್ ಎಲ್ಲಿಟ್ಟಿದೀಯ?"

"ಬಚ್ಚಲಿನ ಬೀರುವಿನಲ್ಲಿ."

"ಯಾವ ಖಾನೆ?"

"ಪ್ರೆಬೆನ್, ಅಲ್ಲಿರೋದೇ ಎರಡು ಖಾನೆ. ತೆಗೆದು ನೋಡು."

ಅವನು ರಿಸೀವರ್ ಕೆಳಗಿಟ್ಟು ಹೋದ. ಅವಳು ಕಾದಳು. ಬಂದವನು ಸಿಕ್ಕಿತು ಎಂದ, ಮಗುವಿನ ಉಣ್ಣೆಯಂಗಿ ಎಲ್ಲಿ ಎಂದ, ಮತ್ತೆ ಹೋದ. ಕಿಟಕಿಯಾಚೆ ಸೆಪ್ಟೆಂಬರಿನ ಬಿಸಿಲು ಹುಲ್ಲುಗಾವಲಿನ ಮೇಲೆ ಜಾರುತ್ತಿತ್ತು. ಒಂದೊಂದು ನಿಮಿಷವೂ ಅವಳ ಸಿನಿಮಾದಿಂದ ಕತ್ತರಿಸಿ ಬೀಳುತ್ತಿರುವಂತೆ ಅನಿಸಿತು.

"ರಾತ್ರಿ ಊಟಕ್ಕೆ ಏನು ಮಾಡ್ಲಿ?" ಅಂದ ಕೊನೆಗೆ.

"ಆಲೂಗಡ್ಡೆ ಬೇಯಿಸು," ಎಂದು ರಿಸೀವರ್ ಇಟ್ಟು ಓಡಿದಳು.

ಹತ್ತೊಂಬತ್ತನೆಯ ವಯಸ್ಸಿಗೆ ಈ ಊರು ಬಿಟ್ಟು ನಾಟಕಶಾಲೆ ಸೇರಿದವಳು ಡಾಗ್ನಿ. ರಂಗದ ಮೇಲೆ ಅವಳಿಗೆ ಸಿಕ್ಕಿದ್ದು ಮನೆಕೆಲಸದವಳ ಪಾತ್ರ. ಒಂದು ಸಲವಲ್ಲ, ವರ್ಷಗಟ್ಟಲೆ ಅದೇ. ಹೆಸರಾಂತ ನಟಿ ಎಲ್ನಾ ರೂಡ್ ರಾಣಿಯಾಗಿ, ಸೇನಾಪತಿಯ ಹೆಂಡತಿಯಾಗಿ ಮುಂದೆ ನಿಂತು ಮಾತಾಡುವಳು. ಡಾಗ್ನಿ ಹಿಂದೆ ಟ್ರೇ ಹಿಡಿದು ನಿಲ್ಲುವಳು. ಟ್ರೇ ಮೇಲಿನ ಕೇಕು ರಟ್ಟಿನದು, ಕಾಫಿ ಬಣ್ಣದ ನೀರು. ಆಮೇಲೆ ತಂಗಿಯ ಪಾತ್ರ ಬಂತು, ಸೊಸೆಯದು ಬಂತು. ಅದೇ ನಾಟಕಶಾಲೆಯ ನಟ ಪ್ರೆಬೆನ್‌ನನ್ನು ಮದುವೆಯಾದಳು. ಇಬ್ಬರೂ ಒಂದೇ ಪ್ರದರ್ಶನ ಮುಗಿಸಿ ಒಂದೇ ಟ್ರಾಮಿನಲ್ಲಿ ಮನೆಗೆ ಬರುವರು. ಅವನು ಬೂಟು ಬಿಚ್ಚಿ, ಪ್ರೇಕ್ಷಕರು ತನ್ನ ಯಾವ ಮಾತಿಗೆ ನಕ್ಕರು ಎಂದು ವರ್ಣಿಸುವನು. ಇವಳು ಒಲೆ ಹಚ್ಚುತ್ತಾ ಕೇಳಿಸಿಕೊಳ್ಳುವಳು.

ಸಿನಿಮಾದಲ್ಲಿ ಸಣ್ಣ ಪಾತ್ರವೊಂದಕ್ಕೆ ಹೋದಾಗ ಅವಳಿಗೆ ಒಂದು ವಿಷಯ ಹೊಳೆಯಿತು. ನಾಟಕದ ಕೊನೆಯ ಸಾಲಿನವರಿಗೆ ಹೆಂಗಸಿನ ಕೈ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಕಾಣುತ್ತದೆ. ಅವತ್ತಿನಿಂದ ಅವಳಿಗೆ ಕ್ಯಾಮೆರಾದ ಮುಂದೆ ನಿಲ್ಲುವ ಆಸೆ ಹೋಯಿತು, ಹಿಂದೆ ನಿಲ್ಲುವ ಹಟ ಹಿಡಿಯಿತು. ಆಲೂಗಡ್ಡೆ ಬೇಯುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕೂತು ಕಥೆ ಬರೆದಳು. ಸ್ಟುಡಿಯೋದವರು ನಕ್ಕರು. ಎಲ್ನಾ ರೂಡ್ ನಾಯಕಿಯಾಗಲು ಒಪ್ಪಿದ ಮೇಲೆ ನಗು ನಿಲ್ಲಿಸಿದರು.

ಕಥೆ ಸರಳ. ರೈತನ ಹೆಂಡತಿ ಮಾರೆನ್, ಗಂಡನನ್ನು ಮಣ್ಣು ಮಾಡಿ ಬಂದ ದಿನ ನೆಂಟರಿಗೆಲ್ಲ ಕಾಫಿ ಕೊಡುತ್ತಾಳೆ. ಹೊಲ ತನ್ನ ಪಾಲಿಗೆ ಬರಬಹುದೆಂದು ಮೈದುನ ಕಾದು ಕೂತಿರುತ್ತಾನೆ. ಕೊನೆಯಲ್ಲಿ ಮಾರೆನ್ ಮೇಜಿನ ತುದಿಯಲ್ಲಿ ಎದ್ದು ನಿಂತು, ಹೊಲ ನಾನೇ ನೋಡಿಕೊಳ್ಳುತ್ತೇನೆ ಎಂದು ಉದ್ದಕ್ಕೆ ಮಾತಾಡುತ್ತಾಳೆ. ಆ ಭಾಷಣವೊಂದೇ ಬಾಕಿಯಿತ್ತು.

ಚಿತ್ರೀಕರಣ ಮೆಟಾ ಚಿಕ್ಕಮ್ಮನ ಮನೆಯಲ್ಲಿ. ಈ ಸೀಮೆಯ ಕಾಫಿ ಮೇಜೆಂದರೆ ಏಳು ಬಗೆಯ ಮೆತ್ತನೆ ಕೇಕು, ಏಳು ಬಗೆಯ ಗರಿಗರಿ ಬಿಸ್ಕತ್ತು. ರಟ್ಟಿನ ಕೇಕು ಬೇಡವೇ ಬೇಡ ಎಂದು ಡಾಗ್ನಿ ಹಟ ಹಿಡಿದಿದ್ದಳು. ಚಿಕ್ಕಮ್ಮ ಮತ್ತು ನೆರೆಯ ಹೆಂಗಸರು ವಾರವಿಡೀ ಓವನ್ ಆರಲು ಬಿಡದೆ ಬೇಯಿಸಿದ್ದರು. ಬೆಳಿಗ್ಗೆ ತುಂಬಿದ ಮೇಜಿನ ದೃಶ್ಯಗಳು ಮುಗಿದಿದ್ದವು. "ಮೇಜು ಮತ್ತೆ ಹಾಕಿಟ್ಟಿರು ಚಿಕ್ಕಮ್ಮ, ಬಂದೆ," ಎಂದು ಹೇಳಿ ಡಾಗ್ನಿ ಟೆಲಿಫೋನಿಗೆ ಹೋಗಿದ್ದಳು.

ಈಗ ಓಡಿ ಬಂದು ಮನೆಯ ಬಾಗಿಲು ತೆಗೆದಳು. ದೊಡ್ಡ ಕೋಣೆಯಿಂದ ನಗು ಕೇಳಿತು, ಚಮಚದ ಸದ್ದು ಕೇಳಿತು. ಒಳಗೆ ನುಗ್ಗಿದಳು.

ಕ್ಯಾಮೆರಾದ ಹೋಲ್ಗರ್, ದೀಪದವರು, ಧ್ವನಿಯವರು, ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ರೈ ಬ್ರೆಡ್ಡಿನ ಕೆನೆ ಕೇಕು ಇದ್ದ ತಟ್ಟೆಯಲ್ಲಿ ಒಂದು ಗೀರು ಕೆನೆ ಉಳಿದಿತ್ತು. ಸೇಬಿನ ಕೇಕು ಇರಲಿಲ್ಲ. ಬಿಸ್ಕತ್ತಿನ ಪುಡಿ ಮೇಜುಬಟ್ಟೆಯ ತುಂಬ.

"ಏನ್ರೋ ಇದು!" ಅವಳ ದನಿ ನಾಟಕಶಾಲೆಯ ಕೊನೆಯ ಸಾಲಿಗೂ ಮುಟ್ಟುವಂತಿತ್ತು.

ಹೋಲ್ಗರ್ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದ. "ನಾವು ಬೇಡ ಅಂದ್ವಿ ಡಾಗ್ನಿ. ದೇವರಾಣೆಗೂ ಅಂದ್ವಿ. ಎರಡನೇ ಸಲ ಬೇಡ ಅಂದಾಗ ನಿನ್ನ ಚಿಕ್ಕಮ್ಮನ ಮುಖ ನೋಡಬೇಕಿತ್ತು."

ಮೆಟಾ ಕಾಫಿ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಲ್ಲ ಕಣೇ, ಮೇಜು ಹಾಕು ಅಂದೆ, ಹಾಕಿದೆ. ಕಾಫಿ ಬಿಸಿ ಇತ್ತು. ಗಂಡಸರು ಬೆಳಿಗ್ಗೆಯಿಂದ ನಿಂತೇ ಇದ್ರು. ಹಾಕಿದ ಮೇಜಿನ ಮುಂದೆ ಜನರನ್ನ ಹಸಿದು ನಿಲ್ಲಿಸ್ಲಾ? ನಿಮ್ಮಮ್ಮ ಇದ್ದಿದ್ರೆ ನಿಲ್ಲಿಸ್ತಿದ್ಲಾ?"

ಡಾಗ್ನಿ ಖಾಲಿ ತಟ್ಟೆಗಳನ್ನು ನೋಡಿದಳು. ಇಲ್ಲ, ನಿಲ್ಲಿಸುತ್ತಿರಲಿಲ್ಲ. ಈ ಊರಲ್ಲಿ ಯಾರೂ ನಿಲ್ಲಿಸುವುದಿಲ್ಲ. ಅಷ್ಟು ವರ್ಷ ರಟ್ಟಿನ ಕೇಕು ಹೊತ್ತು ಹೊತ್ತು, ಇಲ್ಲಿಯ ಹೆಂಗಸರು ಬರೀ ನೋಟಕ್ಕೆಂದು ಮೇಜು ಹಾಕುವುದಿಲ್ಲ ಎಂಬುದನ್ನೇ ಅವಳು ಮರೆತಿದ್ದಳು.

ಎಲ್ನಾ ರೂಡ್ ಕಪ್ಪು ಉಡುಪಿನಲ್ಲಿ ಕಿಟಕಿಯ ಬಳಿ ಕೂತಿದ್ದಳು. ಅವಳು ತಿಂದಿರಲಿಲ್ಲ, ಲಿಪ್‌ಸ್ಟಿಕ್ ಕೆಡುತ್ತದೆಂದು. "ಏನೀಗ, ಖಾಲಿ ತಟ್ಟೆಗಳ ಮುಂದೆ ಭಾಷಣ ಮಾಡ್ಲಾ?"

ಮಾಡುವಂತಿರಲಿಲ್ಲ. ಬೆಳಗಿನ ದೃಶ್ಯದಲ್ಲಿ ಮೇಜು ತುಂಬಿತ್ತು. ದೊಡ್ಡ ಕೋಣೆಯ ಬಿಸಿಲೂ ಆಗಲೇ ಗೋಡೆ ಹತ್ತಿ ಮಾಸುತ್ತಿತ್ತು. ಒಂದೇ ರೀಲು ಉಳಿದಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಸ್ಕೌ ಇಳಿದು, ಹ್ಯಾಟು ತೆಗೆದು, ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆಂದು ನೋಡಿಯೇ ಒಳಗೆ ಬಂದ.

"ಮುಗೀತೇನಮ್ಮ?"

ಡಾಗ್ನಿ ಉತ್ತರ ಹುಡುಕುತ್ತಿರುವಾಗಲೇ ಮೆಟಾ ಅವನ ಕೋಟು ಬಿಚ್ಚಿಸಿಕೊಂಡಿದ್ದಳು. "ಅಷ್ಟು ದೂರದಿಂದ ಬಂದಿದೀರಿ, ಕೂತ್ಕೊಳ್ಳಿ. ಕೇಕು ಈ ಹೊಟ್ಟೆಬಾಕರು ಮುಗಿಸಿದ್ರು. ಬಿಸ್ಕತ್ತು ಇದೆ. ಬೇಡ ಅನ್ನೋ ಹಾಗಿಲ್ಲ, ಮೊದಲು ಇದನ್ನ ತಗೊಳ್ಳಿ." ಸ್ಕೌ ಕೂತ. ಅವನ ಎದುರಿಗೆ ಒಂದು ಬಗೆ ಮುಗಿಯುವುದರೊಳಗೆ ಇನ್ನೊಂದು ಬಗೆ ಬಂತು.

ಡಾಗ್ನಿ ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು. ಮುಖ ತೊಳೆಯಬೇಕೆನಿಸಿತ್ತು, ತೊಟ್ಟಿಯಲ್ಲಿ ಜಾಗವಿರಲಿಲ್ಲ. ಕಪ್ಪು, ಬಸಿ, ತಟ್ಟೆ, ಕೆನೆ ಮೆತ್ತಿದ ಚಮಚಗಳು ಗುಡ್ಡೆ ಬಿದ್ದಿದ್ದವು. ನೆರೆಯ ಇಬ್ಬರು ಹೆಂಗಸರು ಮಾತಿಲ್ಲದೆ ತೊಳೆಯುತ್ತಿದ್ದರು. ಅವರು ಬೆಳಗಿನಿಂದ ಕೂತಿರಲಿಲ್ಲ. ಅವಳಮ್ಮನೂ ಆ ದೊಡ್ಡ ಕೋಣೆಯಲ್ಲಿ ಕೂತದ್ದನ್ನು ಡಾಗ್ನಿ ಕಂಡಿರಲಿಲ್ಲ. ಮಾರೆನ್ ಮೇಜಿನ ತುದಿಯಲ್ಲಿ ಎದ್ದು ನಿಲ್ಲಬೇಕಾದರೆ ಮೊದಲು ಕೂತಿರಬೇಕಲ್ಲ! ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ಇಡೀ ತೊಟ್ಟಿಯ ಮೇಲೆ ಬಿದ್ದಿತ್ತು.

"ಹೋಲ್ಗರ್! ಕ್ಯಾಮೆರಾ ಇಲ್ಲಿಗೆ ತಗೊಂಡು ಬಾ. ಬೇಗ."

ಎಲ್ನಾ ಬಂದು ನೋಡಿದಳು. ಅರ್ಥವಾದ ಕೂಡಲೇ ಮುಖ ಬಿಗಿಯಿತು. "ಭಾಷಣ?"

"ಇಲ್ಲ. ಪಾತ್ರೆ ತೊಳೀತೀಯ."

"ಕ್ಯಾಮೆರಾ ಎಲ್ಲಿ?"

"ನಿನ್ನ ಹಿಂದೆ."

"ಬೆನ್ನು ತೋರಿಸ್ಲಾ? ಕೊನೇ ದೃಶ್ಯದಲ್ಲಿ? ಜನ್ಮದಲ್ಲಿ ಪ್ರೇಕ್ಷಕರಿಗೆ ಬೆನ್ನು ಹಾಕಿದವಳಲ್ಲ ಕಣೇ ನಾನು."

"ನಿನ್ನ ಹಿಂದೆ ಟ್ರೇ ಹಿಡಿದು ನಿಂತವಳು ನಾನು, ಎಲ್ನಾ. ವರ್ಷಗಟ್ಟಲೆ ನಿನ್ನ ಬೆನ್ನನ್ನೇ ನೋಡಿದೀನಿ. ಅದು ನಿನ್ನ ಮುಖಕ್ಕಿಂತ ಚೆನ್ನಾಗಿ ಅಭಿನಯ ಮಾಡುತ್ತೆ."

 ಎಲ್ನಾ ಡಾಗ್ನಿಯನ್ನೇ ದಿಟ್ಟಿಸಿದಳು. ಈಗ ಅವಳು ನಡೆದು ಹೋದರೆ ಎಲ್ಲವೂ ಟೋರ್ಬೆನ್‌ನದು.

"ಕೊನೆಗೊಂದು ಸಲ ತಿರುಗ್ತೀನಿ," ಎಂದಳು ಎಲ್ನಾ, ಉಡುಪಿನ ತೋಳು ಮೇಲೆ ಮಡಿಸುತ್ತಾ. "ಹೊಲ ನಾನೇ ನೋಡ್ಕೋತೀನಿ ಅಂತ ಆ ಒಂದು ಮಾತಾದ್ರೂ ಹೇಳ್ತೀನಿ."

"ಹೇಳು."

ರೀಲು ಓಡತೊಡಗಿತು. ಎಲ್ನಾಳ ಕೈ ಬಿಸಿನೀರಿಗಿಳಿಯಿತು. ಒಂದು ಕಪ್ಪು, ಇನ್ನೊಂದು. ಆಚೆ ಕೋಣೆಯಿಂದ ಗಂಡಸರ ಮಾತು ತೇಲಿ ಬರುತ್ತಿತ್ತು. ಬಿಸಿಲು ಅವಳ ಕುತ್ತಿಗೆಯಿಂದ ಹೆಗಲಿಗೆ, ಹೆಗಲಿನಿಂದ ಮೊಣಕೈಗೆ ಹರಡಿತ್ತು. ತಿರುಗುವ ಹೊತ್ತು ಹತ್ತಿರ ಬಂತು.

ಆಗ ಸ್ಕೌನ ದನಿ ದಪ್ಪಗೆ, ಹಿತವಾಗಿ ಬಂತು. "ಯಾರಮ್ಮ ಅಲ್ಲಿ? ಇನ್ನೊಂದು ಚೂರು ಕಾಫಿ ಸಿಗುತ್ತಾ?"

ಧ್ವನಿಯವನು ಗಾಬರಿಯಿಂದ ಡಾಗ್ನಿಯ ಕಡೆ ನೋಡಿದ. ಎಲ್ಲ ಹಾಳಾಯಿತು. ನಿಲ್ಲಿಸು ಎನ್ನಲು ಅವಳ ಕೈ ಮೇಲೆದ್ದಿತು. ಆದರೆ ನಿಲ್ಲಿಸಿದರೆ ಮತ್ತೆ ತೆಗೆಯಲು ರೀಲಿರಲಿಲ್ಲ, ಬೆಳಕಿರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು.

ರಂಗದ ಮೇಲೆ ಕಪ್ಪು ಒಡೆದರೂ, ಪರದೆ ಸಿಕ್ಕಿಕೊಂಡರೂ ನಟಿ ಪಾತ್ರದಿಂದ ಹೊರಗೆ ಬರುವುದಿಲ್ಲ. ಆಗಿದ್ದನ್ನೇ ಆಟದೊಳಗೆ ಎಳೆದುಕೊಳ್ಳುತ್ತಾಳೆ. ಎಲ್ನಾಳ ಕೈಗಳು ನೀರಿನೊಳಗೆ ನಿಂತವು. ಬೆನ್ನು ಒಂದು ಕ್ಷಣ ಗಟ್ಟಿಯಾಯಿತು.

"ಒಲೆ ಮೇಲಿದೆ," ಎಂದಳು. ದನಿ ಏರಿಸಲಿಲ್ಲ. "ಬಂದು ಬಗ್ಗಿಸ್ಕೊಳ್ಳಿ."

ದೊಡ್ಡ ಕೋಣೆಯಲ್ಲಿ ಕುರ್ಚಿಯೊಂದು ಹಿಂದೆ ಸರಿದ ಸದ್ದಾಯಿತು. ಎಲ್ನಾಳ ಹೆಗಲು ನಿಧಾನವಾಗಿ ಸಡಿಲಾಯಿತು. ಮುಂದಿನ ಕಪ್ಪು ಎತ್ತಿಕೊಂಡು ತೊಳೆದಳು. ಅವಳು ತಿರುಗಲೇ ಇಲ್ಲ.

ಕ್ಯಾಮೆರಾದೊಳಗೆ ರೀಲಿನ ತುದಿ ಪಟಪಟ ಬಡಿಯಿತು. ಹೊರಗೆ ಸೂರ್ಯ ಇನ್ನೂ ಹುಲ್ಲುಗಾವಲಿನಾಚೆಯ ಒಡ್ಡಿನ ಮೇಲಿದ್ದ.

ಖಾಲಿ ಕಪ್ಪು ಹಿಡಿದು ಬಾಗಿಲಿಗೆ ಬಂದ ಸ್ಕೌ ಕ್ಯಾಮೆರಾ ಕಂಡು ತಬ್ಬಿಬ್ಬಾದ. "ಇಲ್ಲಿ ತೆಗೀತಿದ್ರಾ? ನನ್ನ ದನಿ..."

"ಬಂದಿದೆ. ಹಾಗೇ ಇರುತ್ತೆ. ದೃಶ್ಯ ಮುಗೀತು," ಎಂದಳು ಡಾಗ್ನಿ. "ಹೊತ್ತು ಮುಳುಗಿಲ್ಲ."

"ಮತ್ತೆ ಭಾಷಣ?"

"ನಿಮಗೆ ಕೇಳಿಸಲಿಲ್ವಾ?"

ಸ್ಕೌ ಕಿಟಕಿಯಾಚೆ ನೋಡಿದ, ಎಲ್ನಾಳ ಒದ್ದೆ ಕೈ ನೋಡಿದ. ಟೋರ್ಬೆನ್‌ನ ಹೆಸರೆತ್ತಲಿಲ್ಲ. ಒಲೆಯ ಬಳಿ ಹೋಗಿ ತಾನೇ ಕಾಫಿ ಬಗ್ಗಿಸಿಕೊಂಡ. ಅಭ್ಯಾಸವಿರಲಿಲ್ಲ, ಬಸಿಗೂ ಚೆಲ್ಲಿತು.

ಮುಂದೆ ಡಾಗ್ನಿ ಇನ್ನೂ ಹಲವು ಚಿತ್ರ ಮಾಡಿದಳು, ಅವುಗಳಲ್ಲಿ ಕೆಲವನ್ನು ಯಾರೂ ನೋಡಲಿಲ್ಲ. ಆದರೆ ಆ ಸಂಜೆ ಅವಳು ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.  ಮನೆಗೆ ಫೋನು ಮಾಡಿ ಲೋನೆಯ ಜ್ವರ ಕೇಳಬೇಕಿತ್ತು. ಹೋಲ್ಗರ್ ಮತ್ತು ಹುಡುಗರು ಸಿಗರೇಟು ಹಚ್ಚಲು ಅಂಗಳಕ್ಕೆ ಹೊರಟಿದ್ದರು. ತೊಟ್ಟಿಯಲ್ಲಿ ಇನ್ನೂ ಅರ್ಧ ಗುಡ್ಡೆ ಹಾಗೇ ಇತ್ತು, ನೆರೆಯ ಹೆಂಗಸರು ಆಗಲೇ ಏಪ್ರನ್ ಸರಿಮಾಡಿಕೊಂಡು ಅದರ ಕಡೆ ನಡೆದಿದ್ದರು.

"ಹೋಲ್ಗರ್," ಎಂದು ಕರೆದಳು ಡಾಗ್ನಿ. "ಎಲ್ಲಿಗೆ? ತಿಂದವರೆಲ್ಲ ಒಳಗೆ ಬನ್ನಿ. ಒರೆಸೋ ಬಟ್ಟೆ ಬಾಗಿಲ ಹಿಂದೆ ಇದೆ."