ಪೂಜೆಗೆ ಕೂರಿಸಿದ ಕ್ರೇನು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ನಮ್ಮಣ್ಣನಿಗೆ ಅದಕ್ಕಿಂತ ಒಂದು ಕೈ ಜಾಸ್ತಿ. ಅರಳಸುರಳಿಯಲ್ಲಿ ಹುಟ್ಟಿದ ನಾವಿಬ್ಬರೂ ಅರವತ್ತರ ದಶಕದಲ್ಲಿ ಹೊಸನಗರದ ಕಡೆ ಹೊಳೆಗೆ ಸೇತುವೆ ಕಟ್ಟುವ ಕೆಲಸಕ್ಕೆ ಸೇರಿದ್ದೆವು. ಅವನು ಕೂಲಿಗಳ ಮೇಸ್ತ್ರಿ, ನಾನು ಕ್ರೇನ್ ಡ್ರೈವರ್.

ಕೆಲಸ ನೋಡಲು ಬರುವ ಸಾಹೇಬರುಗಳ ಸಣ್ಣ ವಿಮಾನ ಇಳಿಯಲಿ ಎಂದು ಪಕ್ಕದ ಬಯಲನ್ನು ಸಮ ಮಾಡಿದ್ದರು. ಹಾಗಾಗಿ ನಮ್ಮ ಕ್ರೇನಿಗೂ ವಿಮಾನ ಇಲಾಖೆಯ ಪರವಾನಗಿ ಬೇಕಾಯಿತು. ಷರತ್ತು ಒಂದೇ: ವಿಮಾನ ಬರುವ ಹೊತ್ತಿಗೆ ಕ್ರೇನಿನ ಉದ್ದನೆಯ ತೋಳು ನೆಲಕ್ಕೆ ಇಳಿದಿರಬೇಕು.

ಆ ಮಳೆಗಾಲದಲ್ಲಿ ಕ್ರೇನಿನಿಂದ ಜಾರಿದ ಕಲ್ಲಿನಡಿ ಒಬ್ಬ ಕೂಲಿ ಸತ್ತಿದ್ದ. ಎಲ್ಲರಿಗೂ ಆ ಯಂತ್ರವೆಂದರೆ ಹೆದರಿಕೆ. ಆಯುಧಪೂಜೆಯ ದಿನ ಅಣ್ಣ ತೋಳನ್ನು ಪೂರ್ತಿ ಎತ್ತಿ ನಿಲ್ಲಿಸಲು ಹೇಳಿದ. ತಲೆ ತಗ್ಗಿಸಿದ್ದಕ್ಕೆ ಪೂಜೆ ಸಲ್ಲುವುದಿಲ್ಲವಂತೆ. ಆವತ್ತು ವಿಮಾನ ಬರುವುದಿರಲಿಲ್ಲ, ಎತ್ತಿದೆ. ಕಬ್ಬು, ಬಾಳೆಕಂದು ಕಟ್ಟಿ ಕುಂಬಳಕಾಯಿ ಒಡೆದರು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ.

ಮಧ್ಯಾಹ್ನ ಆಫೀಸಿಗೆ ಫೋನ್ ಬಂತು, ವಿಮಾನ ಹೊರಟಾಗಿದೆ ಎಂದು. ಮೋಡ ಕೆಳಗೇ ಕವಿದಿತ್ತು. ಹಾರುತ್ತಿದ್ದವರಿಗೆ ತಿಳಿಸುವ ದಾರಿ ನಮ್ಮಲ್ಲಿರಲಿಲ್ಲ. ಕ್ರೇನಿನ ಹತ್ತಿರ ಓಡಿದೆ. ಅಣ್ಣ ಸಲಿಕೆ ಹಿಡಿದು ಅಡ್ಡ ನಿಂತ.

"ಮುಟ್ಟಿದ್ರೆ ಕಾಲು ಮುರೀತೀನಿ. ಇನ್ನೊಂದು ಹೆಣ ಬೀಳ್ಬೇಕಾ ಇಲ್ಲಿ?"

"ಇಳಿಸ್ದಿದ್ರೆ ವಿಮಾನದಾಗಿರೋರ ಹೆಣ ಬೀಳ್ತದೆ ಮಾರಾಯ. ಸರಿ ಆಚೆ."

ಸಲಿಕೆ ನನ್ನ ಎಡಭುಜಕ್ಕೆ ಬಿತ್ತು. ಎಲುಬು ಮುರಿದದ್ದು ನನಗೇ ಕೇಳಿಸಿತು. ಇಬ್ಬರು ಕೂಲಿಗಳು ಹಿಂದಿನಿಂದ ಕುತ್ತಿಗೆ ಅಮುಕಿದರು. ಒಬ್ಬನ ಕೈ ಕಚ್ಚಿದೆ, ಇನ್ನೊಬ್ಬನ ಹೊಟ್ಟೆಗೆ ಒದ್ದೆ. ಮೈಯೆಲ್ಲ ಉರಿಯುತ್ತಿತ್ತು. ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿ ಅಣ್ಣನ ಮುಖಕ್ಕೇ ಬೀಸಿದೆ. ಅವನು ಕಣ್ಣು ಒತ್ತಿ ಹಿಡಿದು ಕುಸಿದ, ಬೆರಳ ಸಂದಿಯಿಂದ ರಕ್ತ ಸುರಿಯಿತು. ಅವನನ್ನು ದಾಟಿಕೊಂಡೇ ಕ್ರೇನ್ ಹತ್ತಿದೆ.

ಒಂಟಿ ಕೈಯಲ್ಲಿ ಲಿವರ್ ಎಳೆದೆ. ತೋಳು ಬಾಳೆಕಂದಿನ ಸಮೇತ ನೆಲ ಮುಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಮೋಡದಿಂದ ಹೊರಬಿದ್ದ ವಿಮಾನ ನಮ್ಮ ತಲೆಯ ಮೇಲೇ ಹಾದು ಬಯಲಿಗೆ ಇಳಿಯಿತು.

ಸಾಗರದ ಆಸ್ಪತ್ರೆಯಲ್ಲಿ ಅಣ್ಣನ ಬಲಗಣ್ಣು ತೆಗೆದರು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಅವನ ಮಂಚದ ಹತ್ತಿರ ಹೋದೆ.

"ವಿಮಾನದೋರು ಇಳಿದ್ರಾ?" ಎಂದ.

"ಇಳಿದ್ರು. ಎಲ್ಲಾ ಚೆನ್ನಾಗಿದಾರೆ."

"ಒಳ್ಳೇದಾಯ್ತು. ನೀ ಇನ್ನು ನನ್ ಹೊಸ್ತಿಲು ತುಳಿಬೇಡ."

ನಾನು ಮಾಡಿದ್ದು ತಪ್ಪೆಂದು ಇವತ್ತಿಗೂ ಯಾರೆದುರೂ ಹೇಳುವುದಿಲ್ಲ. ಮತ್ತೆ ಆ ಮನೆಯೊಳಗೆ ಕಾಲಿಟ್ಟದ್ದು ಅವನ ಚಟ್ಟಕ್ಕೆ ಹೆಗಲು ಕೊಡುವ ದಿನ.