ಶರಣವ್ವ ಅತ್ತಿಯ ಎರೆಹೊಲ

ನಮ್ಮ ಶರಣವ್ವ ಅತ್ತಿ ಕವಣಿ ಬೀಸಿದರೆ ತೆನೆಗೆ ಬಂದ ಹಕ್ಕಿ ಹಿಂಡಿಗೆ ಹಿಂಡೇ ಏಳುತ್ತಿತ್ತು. ಬಾಯಿ ಬೀಸಿದರೆ ಬದುವಿನಲ್ಲಿ ದನ ಬಿಟ್ಟು ಕುಳಿತ ಮಂದಿಯೂ ಏಳುತ್ತಿದ್ದರು! ಆಕೆ ಅಪ್ಪನ ಅಕ್ಕ. ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದ. ಗಂಡನ ಊರು ಕಮಲಾಪುರದಲ್ಲಿ ಮೈದುನನ ಕೈ ನೋಡಿಕೊಂಡು ಕೂಡುವ ಹೆಣ್ಣಲ್ಲ ಅದು. ಕಲಬುರಗಿಯಲ್ಲಿ ಸ್ಟೇಶನ್ ಬಜಾರ ದಾಟಿ ನಿಜಾಮರ ಐವಾನ್-ಎ-ಶಾಹಿ ಬಂಗಲೆ ಕಡೆ ಹೋಗುವಾಗ, ಅಜ್ಜ ಆಕೆಗೆ ಅರಿಷಿಣ-ಕುಂಕುಮಕ್ಕೆಂದು ಕೊಟ್ಟ ಎರೆಹೊಲವಿತ್ತು. "ಈ ಹೊಲ ಇರೋತನಕ ನಾ ಯಾರ ಮುಂದೂ ಕೈ ಒಡ್ಡಂಗಿಲ್ಲ" ಅನ್ನುತ್ತಿದ್ದಳು. ಪಟ್ಟಾ ಮಾತ್ರ ಅಪ್ಪನ ಹೆಸರಿಗಿತ್ತು. ಹೆಣ್ಣುಮಕ್ಕಳಿಗೆ ಬಾಯಿಮಾತಿನಲ್ಲೇ ಕೊಡುವ ಕಾಲ.

ಅಪ್ಪ ನಿಜಾಮರ ಕಚೇರಿಯಲ್ಲಿ ಗುಮಾಸ್ತ. ಅಲ್ಲಿಯ ಸಾಹೇಬರ ಸಹವಾಸದಿಂದ ಕ್ರಿಕೆಟ್ಟಿನ ಹುಚ್ಚು ಹತ್ತಿತ್ತು. "ಅಕ್ಕಾ, ಸುಗ್ಗಿ ಮುಗದ ಮ್ಯಾಲ ನಿನ್ನ ಹೊಲ ಖಾಲಿ ಬಿದ್ದಿರ್ತದಲ್ಲ. ಬಿತ್ತಗಿ ಬರೋತನಕ ಆಡ್ತೀವಿ" ಅಂದ.

"ಆಡ್ರೆಪ್ಪಾ, ಯಾರು ಬ್ಯಾಡಂತಾರ? ಉತ್ತರಿ ಮಳಿಗಿ ಜಾಗಾ ಬಿಡ್ರಿ, ಅಷ್ಟ."

ಆಮೇಲೆ ಅತ್ತಿಗೇ ಆಟದ ಹುಚ್ಚು ಹಿಡಿಯಿತು. ಮಜ್ಜಿಗೆ ಗಡಿಗೆ ಇಟ್ಟುಕೊಂಡು ಬದುವಿನಲ್ಲಿ ಕೂಡುವಳು. ಅಲ್ಲಿಗೆ ಬಂದ ಚೆಂಡನ್ನು ಆಕೆ ಒಗೆದರೆ ನೇರ ಗೂಟಕ್ಕೇ ಬಡಿಯಬೇಕು. ಸಾಹೇಬರು "ವಾಹ್ ಅಮ್ಮಾ!" ಅನ್ನುತ್ತಿದ್ದರು. ಅಪ್ಪ ಔಟಾದರೆ ಮಾತ್ರ ಜಗಳವೇ. "ಏ ಸಾಹೇಬಾ, ನಮ್ಮ ತಮ್ಮ ಈಗರೆ ಬಂದಾನ. ಇನ್ನೊಂದು ಚೆಂಡು ಹಾಕ್ರಿ ಅವಂಗ!"

ನನ್ನನ್ನು ಅತ್ತಿಯ ಮೈದುನನ ಮಗನಿಗೇ ಕೊಟ್ಟಿದ್ದರು. ಒಂದು ಮಳೆಗಾಲ ನನಗೆ ಜ್ವರ ಬಿಡದೇ ಹೋದಾಗ ಅತ್ತಿ ಕಮಲಾಪುರಕ್ಕೆ ಬಂದು ಹಗಲೂ ರಾತ್ರಿ ನನ್ನ ಮಗ್ಗುಲಲ್ಲೇ ಇದ್ದಳು. ಉತ್ತರಿ ಮಳೆ ಬಿದ್ದದ್ದೇ ತಡ, "ಬಿತ್ತಗಿ ತಪ್ತದ, ನಡಿ ತವರಿಗಿ" ಎಂದು ನನ್ನನ್ನೂ ಹೊರಡಿಸಿದಳು. ಕೆಂಪು ಮಣ್ಣು ಹೇರಿಕೊಂಡು ಕಲಬುರಗಿಗೆ ಹೊರಟ ಬಂಡಿ ಸಿಕ್ಕಿತು.

"ಯಾರಿಗಪ್ಪಾ ಇಷ್ಟು ಮಣ್ಣು?"

"ಸಾಹೇಬರ ಆಟದ ಬಯಲಿಗವ್ವಾ. ನಡುವ ಪಟ್ಟಿ ಮಾಡ್ಲಕ ಕಮಲಾಪುರದ್ದೇ ಬೇಕಂತ."

"ಹೌದಾ! ಬ್ಯಾರೆ ಬಯಲು ಸಿಕ್ತು ಅನ್ನು, ಛಲೋ ಆತು. ನಮ್ಮ ತಮ್ಮ ಭಾರಿ ಆಡ್ತಾನ ನೋಡು." ಮಹಾಗಾಂವ ದಾಟಿದರೂ ತಮ್ಮನ ವರ್ಣನೆ ಮುಗಿಯಲಿಲ್ಲ. ಬಂಡಿಯವ ಪಾಪ, ಹೂಂಗುಟ್ಟಿ ಹೂಂಗುಟ್ಟಿ ಸುಸ್ತಾದ.

ಬಂಡಿ ಅತ್ತಿಯ ಹೊಲಕ್ಕೇ ತಿರುಗಿತು. ಬದು ಇರಲಿಲ್ಲ. ಕಪ್ಪು ಎರೆಯ ಮೇಲೆ ಗಟ್ಟಿ ಗರಸುಮಣ್ಣು ಹಾಸಿ ಉರುಳುಗಲ್ಲು ಹೊಡೆದಿದ್ದರು. ನಡುವೆ ಅಪ್ಪ ಹೊಸ ಶೇರವಾನಿ ತೊಟ್ಟು, ಮಣ್ಣು ಎಲ್ಲಿ ಸುರಿಯಬೇಕೆಂದು ಕೈ ತೋರಿಸುತ್ತಿದ್ದ. ಅಕ್ಕ ಊರಲ್ಲಿಲ್ಲದಾಗ ಹೊಲವನ್ನು ಸಾಹೇಬರ ಕ್ಲಬ್ಬಿಗೆ ಬರೆದುಕೊಟ್ಟಿದ್ದ. ಅದರ ಋಣಕ್ಕೆ ಗುಮಾಸ್ತಿಕೆಯಿಂದ ಬಡ್ತಿ ಸಿಕ್ಕು ಪೇಶಕಾರನೂ ಆಗಿದ್ದ.

ಅತ್ತಿ ಇಳಿದು, ಬಗ್ಗಿ, ಗರಸು ಕೆದರಿ ನೋಡಿದಳು. ಉಗುರು ಇಳಿಯಲಿಲ್ಲ. "ತಮ್ಮಾ, ಇದರಾಗ ಕೂರಿಗಿ ಹೆಂಗ ಹೊಡಿಲೋ?" ಅಂದಳು. ಅಷ್ಟು ಬಾಯಿಯ ಹೆಂಗಸು ಬೈಯಲೇ ಇಲ್ಲ. ನನಗೆ ಅದೇ ಹೆದರಿಕೆಯಾಯಿತು.

"ನನ್ನ ಮನಿ ಅದಲ್ಲಕ್ಕಾ, ನಿನಗೇನು ಕಡಿಮಿ?" ಅಂದ ಅಪ್ಪ.

ಥೂ! ಹೆತ್ತ ಅಪ್ಪನಾದರೇನು, ಆ ಮಾತಿಗೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಅತ್ತಿ ಅದೇ ಬಂಡಿಯಲ್ಲಿ ಕಮಲಾಪುರಕ್ಕೆ ತಿರುಗಿದಳು, ನಮ್ಮ ಮನೆಯ ಹಿತ್ತಿಲ ಕೋಣೆ ಸೇರಿದಳು. ನಮ್ಮಲ್ಲಿ ಯಾರೂ ಆಕೆಗೆ ಒಂದು ಮಾತು ಅಂದವರಲ್ಲ. ಆದರೂ ನಮ್ಮ ಮಾವ, ಅಂದರೆ ಆಕೆಯ ಮೈದುನ, ಒಳಗೆ ಬಂದರೆ ಎದ್ದು ನಿಲ್ಲುವಳು. ಎರಡನೇ ರೊಟ್ಟಿ ಕೇಳುತ್ತಿರಲಿಲ್ಲ, ನಾನೇ ಜುಲುಮೆಯಿಂದ ಹಾಕಬೇಕು. ಸೊಪ್ಪು ಸೋಸುವ, ಕೂಸು ಆಡಿಸುವ ಮುದುಕಿಯಾದಳು.

ಈಗ ಅಲ್ಲಿ ಕಂಪೌಂಡು, ಮೆಟ್ಟಿಲು, ದೊಡ್ಡ ಸ್ಟೇಡಿಯಂ. ಅದರ ಚರಿತ್ರೆ ಹೇಳುವವರು ಸಾಹೇಬರನ್ನು ಹೊಗಳುತ್ತಾರೆ, ಹೊಲ ದಾನ ಕೊಟ್ಟ ಪುಣ್ಯಾತ್ಮನೆಂದು ಅಪ್ಪನನ್ನೂ ಹೊಗಳುತ್ತಾರೆ. ದಾನವಂತೆ!

ಅತ್ತಿ ತೀರಿಕೊಳ್ಳುವ ಮುಂಚೆ, ಅದೇ ವರ್ಷದ ನಾಗರ ಪಂಚಮಿಗೆ ಅಪ್ಪ ಸೀರೆ, ಉಂಡಿ ತೆಗೆದುಕೊಂಡು ಅಕ್ಕನನ್ನು ತವರಿಗೆ ಕರೆಯಲು ಬಂದ. ಅಕ್ಕ-ತಮ್ಮ ಎದುರಾಬದುರು ಕುಳಿತದ್ದು ಅದೇ ಕಡೆಯ ಸಲ. ಅತ್ತಿ ತಾಟು ಇಟ್ಟು ಬಿಸಿ ರೊಟ್ಟಿ ಹಾಕಿದಳು. ಅಪ್ಪ ತುತ್ತು ಮುರಿದ.

"ಮಂದಿ ಹೊಲದ ಜ್ವಾಳ ಅದ ತಮ್ಮಾ" ಅಂದಳು.

ಅಪ್ಪನ ಕೈ ಅಲ್ಲೇ ನಿಂತಿತು.

"ಉಣ್ಣು. ನಾ ದಿನಾ ಉಣ್ಣಾಕತ್ತೀನಲ್ಲ."